ಮರ ಹತ್ತಬೇಡ, ಸರಿ, ಮುಂದೆ?

ಮೂರ್ಛೆರೋಗ ಇರುವವರಿಗೆ ಡಾಕ್ಟರು ತಪ್ಪದೆ ಹೇಳುವುದು ಮೂರು: ಎತ್ತರ ಹತ್ತಬೇಡಿ, ಒಬ್ಬರೇ ನೀರಿಗಿಳಿಯಬೇಡಿ, ಬೆಂಕಿಯ ಹತ್ತಿರ ಹೋಗಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಸೀಮೆಯಲ್ಲಿ ಇವನ್ನು ಬಿಟ್ಟರೆ ಉಳಿಯುವ ಕೂಲಿ ಯಾವುದು? ಕೊನೆ ತೆಗೆಯುವುದು ಮರದ ತುದಿಯಲ್ಲಿ, ಬೇಯಿಸುವುದು ಹಂಡೆಯ ಮುಂದೆ. ಸುಲಿಯೋಣವೆಂದು ಕೂತರೆ ತೊಡೆಯಡಿ ಮೆಟ್ಟುಗತ್ತಿ. ಮೂರ್ಛೆರೋಗಿಗಳ ಪಾಲಿಗೆ ಕಾಲು ಶತಮಾನದಲ್ಲಿ ಏನು ಬದಲಾಯಿತೆಂಬ ಲೆಕ್ಕವನ್ನು ಇಲ್ಲಿಂದಲೇ ಹಿಡಿಯಬೇಕು.

ಕಾಗದದ ಮೇಲೆ ಗೆಲುವು ದೊಡ್ಡದೇ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಹುಚ್ಚಿನ ಪಕ್ಕದಲ್ಲೇ ಮೂರ್ಛೆಯನ್ನೂ ಕೂರಿಸಿತ್ತು. 1999ರಲ್ಲಿ ಆ ಪದ ಹೋಯಿತು. ಜಾತಕ ಕೂಡಿಸುವವರ ಮನಸ್ಸಿನಿಂದ ಹೋಗಿಲ್ಲ. ಮುಚ್ಚಿಟ್ಟು ಮದುವೆ ಮಾಡುತ್ತಾರೆ, ಹುಡುಗಿ ಅತ್ತೆಮನೆಯಲ್ಲಿ ಯಾರಾದರೂ ನೋಡಿಯಾರೆಂದು ಮಾತ್ರೆ ಬಿಡುತ್ತಾಳೆ. ಹಾಗೆ ದಿಢೀರನೆ ಬಿಟ್ಟಾಗಲೇ ಫಿಟ್ಸ್ ಜೋರಾಗಿ ಬರುವುದು.

ಮದ್ದಿಗೇನೂ ಬರವಿಲ್ಲ, ಅದು ಬೇಕಿರುವುದೂ ಹಳ್ಳಿಯಲ್ಲೇ ಹೆಚ್ಚು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಕಂಡಿತ್ತು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಹಳೆಯ ಮಾತ್ರೆಗಳಿಂದಲೇ ರೋಗ ಹತೋಟಿಗೆ ತರಬಹುದೆಂದು ತೋರಿಸಿತು. ಅದು 2001ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೂ ಶಾಲೆಯಲ್ಲಿ ಮಗು ಬಿದ್ದರೆ ನಾವು ಹುಡುಕುವುದು ಬೀಗದ ಕೈ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕದೆ, ಗಡಿಯಾರ ನೋಡುತ್ತಾ ಕೂತರೆ ಸಾಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮರುದಿನವೂ ಆ ಮಗು ಶಾಲೆಗೆ ಬರಬೇಕು. ಬಹಳ ಸಲ ಬರುವುದಿಲ್ಲ.

ನಮ್ಮ ಬಚ್ಚಲಿನ ಕತೆಯೇ ಬೇರೆ. ಹಂಡೆಯಿಂದ ಸುಡುಸುಡು ನೀರು ತೋಡಿ, ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ ಕಣ್ಣು ಮಂಜಾಗಿ ಫಿಟ್ಸ್ ಬರುತ್ತದೆ. ಬಿಸಿನೀರಿನ ಮೂರ್ಛೆ ಎಂಬ ಇದನ್ನು ಜಗತ್ತಿಗೆ ವಿವರವಾಗಿ ಹೇಳಿದವರಲ್ಲಿ ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮುಖ್ಯರು. ಹಲವರಿಗೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕು, ಉಳಿದವರಿಗೆ ತಲೆಸ್ನಾನಕ್ಕೆ ಮುಂಚೆ ಒಂದು ಮಾತ್ರೆ. (ಉಗುರುಬೆಚ್ಚಗಿನ ನೀರಿಗೆ ಮಲೆನಾಡಿಗನನ್ನು ಒಪ್ಪಿಸುವುದೇ ಕಷ್ಟ.)

ದುಡಿಮೆಯಲ್ಲಿ ಬದಲಾವಣೆ ಬಂದದ್ದು ಯಾರೂ ಎಣಿಸದ ಕಡೆಯಿಂದ. ಮರ ಹತ್ತಿ ಕೊನೆ ತೆಗೆಯುವ ಕೊನೆಗೌಡರು ಸಿಗದೆ ತೋಟದವರು ಫೈಬರ್ ದೋಟಿ ತಂದರು. ಈಗ ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ಸುಲಿಯುವ ಯಂತ್ರ ಬಂದಿದೆ. ಒಣಗಿದ ಅಡಿಕೆಯಲ್ಲಿ ಬೆಟ್ಟೆ, ಗೊರಬಲು ಎಂದು ಆರಿಸುವ ಕೆಲಸವಂತೂ ಮೊದಲಿನಿಂದಲೂ ಇತ್ತು. ಆದರೆ ಫಿಟ್ಸ್ ಇದೆ ಎಂದು ಬಾಯಿಬಿಟ್ಟವನಿಗೆ 'ಸರಿ, ನೀನು ದೋಟಿ ಹಿಡಿ' ಅನ್ನುವವರು ಕಡಿಮೆ; 'ನಾಳೆಯಿಂದ ಬರಬೇಡ ಮಾರಾಯ' ಅನ್ನುವವರೇ ಹೆಚ್ಚು. ಹಾಗಾಗಿ ಬಾಯಿಬಿಡದವನು ಈಗಲೂ ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುತ್ತಿದ್ದಾನೆ.