ಶಾಲೆಯ ವೆಚ್ಚ ಎಂಬ ಕನ್ನಡಿಯಲ್ಲಿ ಕಾಣುವ ಮುಖ ಯಾರದು?

ಸರ್ಕಾರಿ ಶಾಲೆಗಳ ದುಃಸ್ಥಿತಿಯ ಮಾತು ಬಂದಾಗಲೆಲ್ಲ ಸುಶಿಕ್ಷಿತರ ಗೋಷ್ಠಿಗಳಲ್ಲಿಯೂ ಧರ್ಮಸಂಸ್ಥೆಗಳ ಆಡಳಿತ ಮಂಡಳಿಯ ಸಭೆಗಳಲ್ಲಿಯೂ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ. ಯಾವ ಊರಿನ ಜನರು ವಿದ್ಯೆಗೆ ಎಷ್ಟು ಬೆಲೆ ಕೊಡುತ್ತಾರೋ ಅಷ್ಟೇ ಹಣ ಆ ಊರಿನ ಶಾಲೆಗೆ ವೆಚ್ಚವಾಗುತ್ತದೆ. ಶಾಲೆಯ ಮಾಡು ಸೋರುತ್ತಿದ್ದರೆ, ಉಪಾಧ್ಯಾಯರ ಹುದ್ದೆ ಖಾಲಿ ಬಿದ್ದಿದ್ದರೆ, ಅಲ್ಲಿನವರಿಗೆ ವಿದ್ಯೆಯ ಹಸಿವಿಲ್ಲವೆಂದೇ ತಿಳಿಯಬೇಕು. ಹಸಿವಿಲ್ಲದವರಿಗೆ ಬಡಿಸಿ ಪ್ರಯೋಜನವೇನು? ಇದು ಆ ಉತ್ತರದ ಸಾರ. ಕೇಳುವುದಕ್ಕೆ ಇದು ಲೋಕಾನುಭವದ ಮಾತಿನಂತೆ ಇದೆ. ಹೇಳುವವರಿಗೆ ಹಿತವೂ ಆಗಿದೆ; ಏಕೆಂದರೆ ಬಡಶಾಲೆಯ ಹೊಣೆಯನ್ನು ಬಡವರ ತಲೆಗೇ ಕಟ್ಟಿ, ಉಳ್ಳವರನ್ನು ಆ ಚಿಂತೆಯಿಂದ ಬಿಡುಗಡೆ ಮಾಡುತ್ತದೆ. ಆದರೆ ಇದು ಸತ್ಯವಲ್ಲ. ಸತ್ಯವಲ್ಲದ ಮಾತು ಸಮಾಜದ ದಾನಧರ್ಮಗಳ ಹರಿವನ್ನು ನಿರ್ಧರಿಸತೊಡಗಿದಾಗ ಅದನ್ನು ಖಂಡಿಸದೆ ಬಿಡುವುದು ಉಚಿತವಲ್ಲ.

ವೆಚ್ಚವು ಜನರ ಮನಸ್ಸಿನ ಕನ್ನಡಿ ಎನ್ನಬೇಕಾದರೆ ಮೂರು ಸಂಗತಿಗಳು ಮೊದಲು ಸಿದ್ಧವಾಗಬೇಕು. ಕೊಡುವ ಮನಸ್ಸುಳ್ಳ ಜನರಿಗೆ ಕೊಡುವ ಶಕ್ತಿಯೂ ಇರಬೇಕು. ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಆ ಜನರ ಕೈಯಲ್ಲಿ ಇರಬೇಕು. ಕೊನೆಯದಾಗಿ, ಲೆಕ್ಕದ ಪುಸ್ತಕದಲ್ಲಿ ಕಾಣುವ ಅಂಕಿಯು ನಿಜವಾಗಿಯೂ ಆ ನಿರ್ಣಯದ ಫಲವಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕನ್ನಡಿ ಒಡೆಯುತ್ತದೆ. ಕರ್ನಾಟಕದ ಹಳ್ಳಿಗಳ ವಿಷಯದಲ್ಲಿ ಮೂರೂ ತಪ್ಪಿವೆ.

ಈ ವಾದಕ್ಕೆ ಅತ್ಯಂತ ಅನುಕೂಲವಾದ ನೆಲ ಅಮೆರಿಕ. ಅಲ್ಲಿ ಸ್ಥಳೀಯ ನಿವಾಸಿಗಳೇ ತಮ್ಮ ಮನೆ-ನಿವೇಶನಗಳ ಮೇಲೆ ತೆರಿಗೆ ಹಾಕಿಕೊಂಡು ತಮ್ಮ ಶಾಲೆಗಳ ವೆಚ್ಚದ ಬಹುದೊಡ್ಡ ಪಾಲನ್ನು ಭರಿಸುವ ಪದ್ಧತಿ ಬಹುಕಾಲದಿಂದ ಇದೆ. ಆದುದರಿಂದ ಜನರ ವಿದ್ಯಾಭಿಮಾನವನ್ನು ಡಾಲರಿನಲ್ಲಿ ಅಳೆಯಬಹುದಾದ ಸ್ಥಳ ಎಲ್ಲಿಯಾದರೂ ಇದ್ದರೆ ಅದು ಅಲ್ಲಿಯೇ ಇರಬೇಕು. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಜ್‌ವುಡ್ ಮತ್ತು ಅಲಾಮೋ ಹೈಟ್ಸ್ ಎಂಬ ಎರಡು ಶಾಲಾ ಜಿಲ್ಲೆಗಳಿವೆ. ಎಜ್‌ವುಡ್‌ನಲ್ಲಿದ್ದವರು ಬಹುತೇಕ ಮೆಕ್ಸಿಕನ್ ಮೂಲದ ದುಡಿಮೆಗಾರರು. ಅಲಾಮೋ ಹೈಟ್ಸ್‌ನಲ್ಲಿದ್ದವರು ಸ್ಥಿತಿವಂತರು. 1967-68ನೇ ಸಾಲಿನಲ್ಲಿ ಎಜ್‌ವುಡ್‌ನ ಜನರು ನೂರು ಡಾಲರ್ ಬೆಲೆಯ ಆಸ್ತಿಗೆ 1 ಡಾಲರ್ 5 ಸೆಂಟ್‌ನಂತೆ ಶಾಲಾ ತೆರಿಗೆ ಕೊಟ್ಟರು. ಆ ಮಹಾನಗರ ಪ್ರದೇಶದಲ್ಲಿಯೇ ಅದು ಅತಿ ಹೆಚ್ಚಿನ ದರ. ಅಲಾಮೋ ಹೈಟ್ಸ್‌ನವರು ಕೊಟ್ಟ ದರ 85 ಸೆಂಟ್ ಮಾತ್ರ. ಮನಸ್ಸನ್ನು ಅಳೆಯುವುದಾದರೆ ಎಜ್‌ವುಡ್ ಗೆದ್ದಿತು. ಆದರೆ ಆ ತೆರಿಗೆಯಿಂದ ಪ್ರತಿ ಮಗುವಿಗೆ ಸ್ಥಳೀಯವಾಗಿ ದೊರೆತದ್ದೆಷ್ಟು? ಎಜ್‌ವುಡ್‌ನಲ್ಲಿ 26 ಡಾಲರ್. ಅಲಾಮೋ ಹೈಟ್ಸ್‌ನಲ್ಲಿ 333 ಡಾಲರ್. ಕಾರಣ ಸರಳ. ಒಂದು ಕಡೆ ಪ್ರತಿ ವಿದ್ಯಾರ್ಥಿಯ ಲೆಕ್ಕಕ್ಕೆ 5,960 ಡಾಲರ್ ಬೆಲೆಯ ಆಸ್ತಿಯಿತ್ತು, ಇನ್ನೊಂದು ಕಡೆ 49,000 ಡಾಲರಿಗೂ ಮಿಕ್ಕಿತ್ತು. ಹೆಚ್ಚು ಹಿಂಡಿದರೂ ಬತ್ತಿದ ಕೆಚ್ಚಲಿನಲ್ಲಿ ಹಾಲು ಬರಲಿಲ್ಲ.

ಎಜ್‌ವುಡ್‌ನ ತಂದೆತಾಯಿಗಳು 1968ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅವರಲ್ಲಿ ಮೊದಲ ಹೆಸರು ತಗಡಿನ ಕೆಲಸಗಾರನಾಗಿದ್ದ ಡೆಮೆಟ್ರಿಯೋ ರೋಡ್ರಿಗಸ್ ಎಂಬವರದು. 1973ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದು-ನಾಲ್ಕರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಆ ದೇಶದ ಸಂವಿಧಾನದಲ್ಲಿ ಶಿಕ್ಷಣವು ಮೂಲಭೂತ ಹಕ್ಕಾಗಿ ನಮೂದಾಗಿಲ್ಲ ಎಂಬುದು ಮುಖ್ಯ ಕಾರಣಗಳಲ್ಲೊಂದು. 1989ರಲ್ಲಿ ಟೆಕ್ಸಾಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಮಾತ್ರ ರಾಜ್ಯದ ಸಂವಿಧಾನದ ಆಧಾರದ ಮೇಲೆ ಆ ಪದ್ಧತಿಯನ್ನು ಸರ್ವಾನುಮತದಿಂದ ಅಸಿಂಧುವೆಂದು ಸಾರಿತು. ಆ ತೀರ್ಪಿನಲ್ಲಿ ದಾಖಲಾದ ಅಂಕಿಗಳು ಹೀಗಿವೆ: ರಾಜ್ಯದ ಅತಿ ಬಡ 100 ಶಾಲಾ ಜಿಲ್ಲೆಗಳು ಸರಾಸರಿ 74.5 ಸೆಂಟ್ ದರದ ತೆರಿಗೆ ಕೊಟ್ಟು ಪ್ರತಿ ವಿದ್ಯಾರ್ಥಿಗೆ 2,978 ಡಾಲರ್ ವೆಚ್ಚ ಮಾಡಿದವು. ಅತಿ ಶ್ರೀಮಂತ 100 ಜಿಲ್ಲೆಗಳು 47 ಸೆಂಟ್ ಕೊಟ್ಟು 7,233 ಡಾಲರ್ ವೆಚ್ಚ ಮಾಡಿದವು. ಅಧಿಕಾರ ಜನರ ಕೈಯಲ್ಲಿದ್ದ ನೆಲದಲ್ಲಿಯೇ, ಕೇವಲ ಶಕ್ತಿಯೊಂದು ಇಲ್ಲದ ಮಾತ್ರಕ್ಕೆ, ಕನ್ನಡಿ ತಲೆಕೆಳಗಾದ ಬಿಂಬವನ್ನು ತೋರಿಸಿತು.

ಇನ್ನು ಅಧಿಕಾರವೂ ಇಲ್ಲದ ಕರ್ನಾಟಕದ ಹಳ್ಳಿಯನ್ನು ನೋಡಬೇಕು. ಇಲ್ಲಿನ ಸರ್ಕಾರಿ ಶಾಲೆಯ ಉಪಾಧ್ಯಾಯರನ್ನು ನೇಮಿಸುವುದು ರಾಜ್ಯದ ಶಿಕ್ಷಣ ಇಲಾಖೆ. ಸಂಬಳ ಬರುವುದು ರಾಜ್ಯದ ಬೊಕ್ಕಸದಿಂದ. ಕಟ್ಟಡಕ್ಕೂ ಉಪಕರಣಗಳಿಗೂ ಬರುವ ಅನುದಾನವು ರಾಜ್ಯದ ಮತ್ತು ಕೇಂದ್ರದ ಯೋಜನೆಗಳಿಂದ. 2001ರಲ್ಲಿ ರಚನೆಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಪೋಷಕರಿಗೆ ಸ್ಥಾನವಿದೆ. ಆದರೆ ಖಾಲಿ ಹುದ್ದೆಯೊಂದನ್ನು ತುಂಬುವ ಅಧಿಕಾರ ಆ ಸಮಿತಿಗಿಲ್ಲ. ಊರಿನವರೆಲ್ಲರೂ ಒಂದೇ ಮನಸ್ಸಿನಿಂದ ಇನ್ನೊಬ್ಬ ಗಣಿತದ ಮಾಸ್ತರು ಬೇಕೆಂದು ಬಯಸಿದರೂ ಆ ಬಯಕೆ ಮನವಿಪತ್ರವಾಗುತ್ತದೆಯೇ ಹೊರತು ವೆಚ್ಚವಾಗುವುದಿಲ್ಲ.

ಭಾರತದ ಜನರಿಂದ ವಿದ್ಯೆಯ ಹೆಸರು ಹೇಳಿಯೇ ಹಣ ಪಡೆದ ಪ್ರಸಂಗವೂ ಉಂಟು. 2004ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಶಿಕ್ಷಣಕ್ಕೆಂದು ತೆರಿಗೆಗಳ ಮೇಲೆ ಶೇಕಡಾ 2ರ ಸೆಸ್ ವಿಧಿಸಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇಕಡಾ 1 ಸೇರಿತು. ಜನರು ಕೊಟ್ಟರು. ಆ ಎರಡನೆಯ ಸೆಸ್‌ನಿಂದ 2016-17ರ ವರೆಗೆ ಸಂಗ್ರಹವಾದ 83,000 ಕೋಟಿ ರೂಪಾಯಿಗಳಿಗೂ ಮಿಕ್ಕಿದ ಹಣಕ್ಕೆ ಪ್ರತ್ಯೇಕ ನಿಧಿಯೂ ಇರಲಿಲ್ಲ, ಇಂಥ ಯೋಜನೆಗೆಂಬ ನಿರ್ದೇಶನವೂ ಇರಲಿಲ್ಲ ಎಂದು ಮಹಾಲೇಖಪಾಲರ ವರದಿ 2017ರಲ್ಲಿ ತೋರಿಸಿಕೊಟ್ಟಿತು. ಇಲ್ಲಿ ಕೊಟ್ಟವರ ಮನಸ್ಸಿನಲ್ಲಿ ಕೊರತೆ ಎಲ್ಲಿತ್ತು? ಕೊರತೆಯಿದ್ದದ್ದು ಪಡೆದವರ ಲೆಕ್ಕದಲ್ಲಿ. 1964-66ರ ಕೊಠಾರಿ ಆಯೋಗವು ರಾಷ್ಟ್ರೀಯ ಆದಾಯದ ಶೇಕಡಾ 6ನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿತು. 1968, 1986 ಮತ್ತು 2020ರ ಶಿಕ್ಷಣ ನೀತಿಗಳು ಅದನ್ನೇ ಪುನರುಚ್ಚರಿಸಿದವು. ಗುರಿ ಇನ್ನೂ ಕೈಗೂಡಿಲ್ಲ. ಅಷ್ಟು ದಶಕಗಳ ಕಾಲ ದೇಶದ ತಂದೆತಾಯಿಗಳೆಲ್ಲ ವಿದ್ಯೆಯನ್ನು ತಿರಸ್ಕರಿಸುತ್ತ ಬಂದರೆಂದು ಯಾರಾದರೂ ಹೇಳಿಯಾರೇ?

ಮೂರನೆಯದು ಅಂಕಿಯ ಮಾತು. ತಲಾ ವೆಚ್ಚವೆಂಬ ಅಂಕಿಯನ್ನು ನೆಚ್ಚುವವರು ಅದು ಹೇಗೆ ಹುಟ್ಟುತ್ತದೆಂಬುದನ್ನು ಗಮನಿಸುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳ ವರೆಗೆ ಇಬ್ಬರು ಉಪಾಧ್ಯಾಯರಿರಬೇಕು. ಬಯಲುಸೀಮೆಯ ದೊಡ್ಡ ಹಳ್ಳಿಯ ಶಾಲೆಯಲ್ಲಿ 60 ಮಕ್ಕಳು, ಮಲೆನಾಡಿನ ಒಂಟಿಮನೆಗಳ ನಡುವಿನ ಶಾಲೆಯಲ್ಲಿ 12 ಮಕ್ಕಳು ಇದ್ದಾರೆಂದು ಇಟ್ಟುಕೊಂಡರೆ, ಇಬ್ಬರ ಸಂಬಳವೂ ಒಂದೇ ಆದುದರಿಂದ, ಮಲೆನಾಡಿನ ತಲಾ ವೆಚ್ಚ ಐದು ಪಟ್ಟಾಗುತ್ತದೆ. ಅಲ್ಲಿನವರ ವಿದ್ಯಾಭಿಮಾನವೂ ಐದು ಪಟ್ಟಾಯಿತೇ? ಅದೇ ದೊಡ್ಡ ಹಳ್ಳಿಯ ಅರ್ಧದಷ್ಟು ಮಕ್ಕಳು ಬಸ್ಸು ಹತ್ತಿ ಪೇಟೆಯ ಖಾಸಗಿ ಶಾಲೆಗೆ ಹೋಗತೊಡಗಿದರೆ ಸರ್ಕಾರಿ ಶಾಲೆಯ ತಲಾ ವೆಚ್ಚ ಇಮ್ಮಡಿಯಾಗುತ್ತದೆ. ಶಾಲೆ ಬರಿದಾಗುತ್ತಿರುವಾಗ ಅಂಕಿ ಕೊಬ್ಬುತ್ತದೆ! ಒಂದು ನಯವನ್ನೇ ಪೂರ್ಣಸತ್ಯವೆಂದು ಸಾಧಿಸುವವರು ಇಂಥಲ್ಲಿಯೇ ಎಡವುತ್ತಾರೆ.

ಜನರಿಗೆ ವಿದ್ಯೆ ಬೇಕಿಲ್ಲವೆಂಬ ಮಾತಿಗೆ ಹಳೆಯ ಚರಿತ್ರೆಯೂ ಇದೆ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದಾಗ ಬ್ರಿಟಿಷ್ ಸರ್ಕಾರ ಎತ್ತಿದ ಆಕ್ಷೇಪಗಳಲ್ಲಿ ಜನರಿಂದ ಬೇಡಿಕೆಯೇ ಇಲ್ಲವೆಂಬುದೂ ಒಂದು. 1912ರಲ್ಲಿ ಆ ಮಸೂದೆ ಬಿದ್ದುಹೋಯಿತು. ಮರುವರ್ಷವೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಕಾನೂನನ್ನು ಮಾಡಿ ಕಡ್ಡಾಯದ ಮಾರ್ಗವನ್ನು ತೆರೆಯಿತು. ಗಡಿಯ ಈಚೆಯ ರೈತನಿಗೂ ಆಚೆಯ ರೈತನಿಗೂ ಮನಸ್ಸು ಬೇರೆಯಾಗಿರಲಿಲ್ಲ. ಆಳುವವರ ಸಂಕಲ್ಪ ಬೇರೆಯಾಗಿತ್ತು. ಮುಂದೆ 1996ರಲ್ಲಿ ಉತ್ತರ ಭಾರತದ ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಕೇಳಿ, 1999ರಲ್ಲಿ ಪ್ರಕಟವಾದ ಪ್ರೋಬ್ ವರದಿಯು ಈ ಅಪವಾದವನ್ನು ನೇರವಾಗಿ ಪರೀಕ್ಷಿಸಿತು. ಗಂಡುಮಕ್ಕಳಿಗೆ ವಿದ್ಯೆ ಅಗತ್ಯವೆಂದವರು ಶೇಕಡಾ 98. ಹೆಣ್ಣುಮಕ್ಕಳಿಗೆ ಅಗತ್ಯವೆಂದವರು ಶೇಕಡಾ 89. ಶಾಲೆಗಳ ಸ್ಥಿತಿ ಅತ್ಯಂತ ಶೋಚನೀಯವಾಗಿದ್ದ ರಾಜ್ಯಗಳ ಉತ್ತರವಿದು.

ಇಲ್ಲಿ ಪೂರ್ವಪಕ್ಷದ ಒಂದು ಆಕ್ಷೇಪಕ್ಕೆ ಉತ್ತರ ಸಲ್ಲಬೇಕು. ಜನರ ಇಚ್ಛೆಗೆ ಬೆಲೆಯೇ ಇಲ್ಲವಾದರೆ ಕೇರಳದಂಥ ರಾಜ್ಯ ಹೇಗೆ ಮುಂದೆ ಬಂತು? ಪ್ರಶ್ನೆ ಯೋಗ್ಯವಾದುದು. ಜನರ ಇಚ್ಛೆಯಿಂದ ಶಾಲೆಗಳು ಬೆಳೆದದ್ದುಂಟು. ಆದರೆ ಕೇಳುವವರ ಕೂಗು ಆಳುವವರ ಕಿವಿಗೆ ಮುಟ್ಟುವ ಕಡೆಗಳಲ್ಲಿ ಮಾತ್ರ ಹಾಗಾಗಿದೆ. ಆದುದರಿಂದ ವೆಚ್ಚದ ಕನ್ನಡಿಯಲ್ಲಿ ಬಿಂಬವೇ ಇಲ್ಲವೆಂದಲ್ಲ. ಅದರಲ್ಲಿ ಕಾಣುವುದು ಮಾತನಾಡಬಲ್ಲವರ ಮುಖ. ಮಾತನಾಡಬಲ್ಲವರು, ಅಂದರೆ ವರ್ತಕರು, ಅಧಿಕಾರಿಗಳು, ವೈದ್ಯರು, ವಕೀಲರು, ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿಕೊಂಡು ಹೋದ ದಿನದಿಂದ ಆ ಶಾಲೆಯ ಪರವಾಗಿ ಕೇಳುವ ನಾಲಿಗೆ ಮೂಕವಾಯಿತು. 2015ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಸರ್ಕಾರದ ಸಂಬಳ ಪಡೆಯುವವರೂ ಜನಪ್ರತಿನಿಧಿಗಳೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವಂತೆ ಮಾಡಬೇಕೆಂದು ಆದೇಶಿಸಿತು. ರೋಗದ ಮೂಲವನ್ನು ಆ ಆದೇಶ ಸರಿಯಾಗಿಯೇ ಗುರುತಿಸಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲವೆಂಬುದರಲ್ಲಿಯೂ ಅದೇ ರೋಗದ ಲಕ್ಷಣವಿದೆ. ಕೂಲಿಯ ಹಣದಲ್ಲಿ ಉಳಿಸಿ ಖಾಸಗಿ ಶಾಲೆಯ ಶುಲ್ಕ ತೆರುವ ತಾಯಿಯ ತ್ಯಾಗವಾದರೋ ಸರ್ಕಾರದ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಅವಳು ವಿದ್ಯೆಗೆ ಬೆಲೆ ಕೊಡುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಸಂವಿಧಾನದ 2002ರ 86ನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವು ಭಾರತದಲ್ಲಿ ಮೂಲಭೂತ ಹಕ್ಕಾಗಿದೆ. ರೋಡ್ರಿಗಸ್‌ಗೆ ಅಮೆರಿಕದಲ್ಲಿ ದೊರೆಯದಿದ್ದ ಆಧಾರ ಇಲ್ಲಿನ ಮಗುವಿಗೆ ದೊರೆತಿದೆ. ಹಕ್ಕನ್ನು ಊರವರ ಅಭಿರುಚಿಯ ತಕ್ಕಡಿಯಲ್ಲಿ ತೂಗಲಾಗದು. ತಂದೆ ಉದಾಸೀನನಾಗಿದ್ದಾನೆಂದು ವಾದಕ್ಕೆ ಒಪ್ಪಿಕೊಂಡರೂ ಅದರ ದಂಡವನ್ನು ಏಳು ವರ್ಷದ ಮಗಳು ಏಕೆ ತೆರಬೇಕು?

ಶ್ರಾವಕ ಸಮಾಜಕ್ಕೆ ಈ ವಿಚಾರ ದೂರದ್ದಲ್ಲ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ಪರಂಪರೆ ಇದು. ವಿದ್ಯಾರ್ಥಿ ನಿಲಯಗಳನ್ನೂ ಶಾಲೆಗಳನ್ನೂ ಕಟ್ಟಿದ ಬಸದಿ ಟ್ರಸ್ಟುಗಳು ಹಲವು. ಆ ದಾನ ಸ್ತುತ್ಯವೇ ಸರಿ. ಆದರೆ ಯಾವ ಊರಿಗೆ ಅನುದಾನ ಕೊಡಬೇಕೆಂದು ಚರ್ಚಿಸುವಾಗ, ಅಲ್ಲಿನವರಿಗೆ ಆಸಕ್ತಿಯಿಲ್ಲ, ಶಾಲೆಯ ಸ್ಥಿತಿಯೇ ಹೇಳುತ್ತದೆ ಎಂದು ಕಡತವನ್ನು ಮುಚ್ಚುವುದು ಅವಿಚಾರ. ಪಾಳುಬಿದ್ದ ಶಾಲೆಯು ಊರವರ ಶಕ್ತಿಹೀನತೆಗೆ ಸಾಕ್ಷಿ. ಅನುದಾನದ ಅಗತ್ಯ ಅಲ್ಲಿಯೇ ಹೆಚ್ಚು.

ಇನ್ನೊಂದು ಎಚ್ಚರವೂ ಅವಶ್ಯ. ದಾನಕ್ಕೆ ದಾನಿಯ ಹೆಸರಿನ ಕಲ್ಲಿರುತ್ತದೆ, ತೆರಿಗೆಗೆ ಅದಿರುವುದಿಲ್ಲ. ಆದುದರಿಂದ ಕೊಡುವವರಿಗೆ ದಾನವೇ ಪ್ರಿಯವಾಗುವುದು ಸಹಜ. ಹಾಗೆಂದು ದಾನವು ಸರ್ಕಾರದ ಕರ್ತವ್ಯದ ಸ್ಥಾನದಲ್ಲಿ ನಿಲ್ಲಲಾರದು. ಒಂದು ಕೊಠಡಿ ಕಟ್ಟಿಸಿಕೊಟ್ಟ ಟ್ರಸ್ಟು ಆ ಕೊಠಡಿಗೆ ಉಪಾಧ್ಯಾಯರು ಎಲ್ಲಿ ಎಂದು ಕ್ಷೇತ್ರಶಿಕ್ಷಣಾಧಿಕಾರಿಗಳನ್ನು ಕೇಳಬೇಕು. ಮೇಲುಸ್ತುವಾರಿ ಸಮಿತಿಯ ಸಭೆ ವರ್ಷಕ್ಕೆ ಎಷ್ಟು ಸಲ ಸೇರಿತೆಂದು ವಿಚಾರಿಸಬೇಕು. ಊರಿನ ಪೋಷಕರ ಮನವಿಗೆ ತನ್ನ ಸಹಿಯನ್ನೂ ಸೇರಿಸಬೇಕು. ಮತ ಕೇಳಲು ಬಂದವರ ಮುಂದೆ ತಮ್ಮ ಮಕ್ಕಳು ಓದದ ಶಾಲೆಯ ಪ್ರಶ್ನೆಯನ್ನೂ ಇಡಬೇಕು. ವಿದ್ಯೆಗೆ ಬೆಲೆ ಕೊಡುವವರು ಯಾರೆಂಬ ಪರೀಕ್ಷೆ ಬಡ ಊರುಗಳಿಗೆ ಸಾಕಷ್ಟು ಆಗಿದೆ. ಈಗ ಉತ್ತರ ಕೊಡುವ ಸರದಿ ಮಾತನಾಡಬಲ್ಲವರದು.