ಕಾಲೇಜು ಸಮಿತಿಯಲ್ಲಿ ವಿದ್ಯಾರ್ಥಿಯ ಕುರ್ಚಿ: ಕಾಯ್ದೆಯಲ್ಲಿದೆ, ಮತಪೆಟ್ಟಿಗೆ ಎಲ್ಲಿ?

ಖಂಡೇರಾಜುರಿ (ತಾ. ಮಿರಜ): ಈ ಊರಿನಿಂದ ಮತ್ತು ಸುತ್ತಲಿನ ಹಳ್ಳಿಗಳಿಂದ ದಿನಾಲೂ ಮಿರಜ, ಸಾಂಗಲಿಗೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ 18 ತುಂಬಿದವರು ಗ್ರಾಮ ಪಂಚಾಯತಿಗೆ ಮತ ಹಾಕುತ್ತಾರೆ. ವಿಧಾನಸಭೆ, ಲೋಕಸಭೆಗೂ ಹಾಕುತ್ತಾರೆ. ಆದರೆ ತಾವು ಫೀ ತುಂಬುವ ಕಾಲೇಜಿನಲ್ಲಿ ತಮ್ಮ ಪ್ರತಿನಿಧಿಯನ್ನು ನೇರವಾಗಿ ಆರಿಸುವ ಅವಕಾಶ ಮಾತ್ರ ಅವರಿಗೆ ಸಿಕ್ಕಿಲ್ಲ. ಇದಕ್ಕೆ ಕಾಯ್ದೆ ಅಡ್ಡ ಬಂದಿಲ್ಲ. ಕಾಯ್ದೆ ಅವಕಾಶ ಕೊಟ್ಟ ಮೇಲೂ ಸಿಕ್ಕಿಲ್ಲ ಎಂಬುದೇ ಇಲ್ಲಿನ ವಿಚಿತ್ರ.

ನಡೆದು ಬಂದ ದಾರಿ

ಸಾಂಗಲಿ, ಕೊಲ್ಹಾಪುರ, ಸಾತಾರಾ ಜಿಲ್ಲೆಗಳ ಕಾಲೇಜುಗಳು 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಹಿಂದೆ ಮಹಾರಾಷ್ಟ್ರದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ಜೋರಾಗಿಯೇ ನಡೆಯುತ್ತಿತ್ತು. 1989ರಲ್ಲಿ ಮುಂಬೈಯಲ್ಲಿ ಓವೆನ್ ಡಿಸೋಜಾ ಎಂಬ ವಿದ್ಯಾರ್ಥಿ ನಾಯಕನ ಕೊಲೆಯಾಯಿತು. ಚುನಾವಣೆ ಎಂದರೆ ಹೊಡೆದಾಟ ಎಂಬ ಭಯ ಬೆಳೆಯಿತು. 1994ರ ವಿಶ್ವವಿದ್ಯಾಲಯ ಕಾಯ್ದೆ ನೇರ ಮತದಾನವನ್ನು ಕೈಬಿಟ್ಟಿತು. ತರಗತಿಯಲ್ಲಿ ಹೆಚ್ಚು ಅಂಕ ಪಡೆದವನೇ ಪ್ರತಿನಿಧಿ ಎಂಬ ಪದ್ಧತಿ ಬಂತು.

2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ ಇದನ್ನು ಬದಲಿಸಿತು. ಕಾಲೇಜಿನ ಅಧ್ಯಕ್ಷ, ಕಾರ್ಯದರ್ಶಿ, ಒಬ್ಬ ಮಹಿಳಾ ಪ್ರತಿನಿಧಿ ಮತ್ತು ಸರದಿಯಂತೆ ಹಿಂದುಳಿದ ವರ್ಗಗಳ ಒಬ್ಬ ಪ್ರತಿನಿಧಿಯನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸಬೇಕು ಎಂದಿತು. 2019ರಲ್ಲಿ ಚುನಾವಣೆಯ ವೇಳಾಪಟ್ಟಿಯೂ ಹೊರಬಿತ್ತು. ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಹತ್ತಿರ ಬಂತೆಂದು ಅದನ್ನು ಮುಂದೂಡಲಾಯಿತು. 2020ರಲ್ಲಿ ಕೊರೊನಾ ಬಂದು ಕಾಲೇಜುಗಳೇ ಮುಚ್ಚಿದವು. ಆಮೇಲೆ ಬಾಗಿಲು ತೆರೆದರೂ ಮತಪೆಟ್ಟಿಗೆ ಒಳಗೆ ಬರಲಿಲ್ಲ. 2022ರಲ್ಲಿ ಶಿವಾಜಿ ವಿಶ್ವವಿದ್ಯಾಲಯದ ಸೆನೆಟ್‌ಗೆ, ಅಂದರೆ ಅಧಿಸಭೆಗೆ, ಚುನಾವಣೆ ನಡೆಯಿತು. ಶಿಕ್ಷಕರು ಮತ ಹಾಕಿದರು, ನೋಂದಾಯಿತ ಪದವೀಧರರು ಮತ ಹಾಕಿದರು. ಕಲಿತು ಹೋದವರಿಗೆ ಸಿಕ್ಕ ಹಕ್ಕು ಕಲಿಯುತ್ತಿರುವವರಿಗೆ ಸಿಗಲಿಲ್ಲ.

ಈ ಕಥೆ ಹಳ್ಳಿಯ ಜನರಿಗೆ ಹೊಸದಲ್ಲ. ಮೊದಲು ಪಂಚಾಯತಿ ಸದಸ್ಯರೇ ಸರಪಂಚರನ್ನು ಆರಿಸುತ್ತಿದ್ದರು. 2017ರಲ್ಲಿ ಜನರಿಂದಲೇ ನೇರ ಆಯ್ಕೆ ಎಂದಾಯಿತು. 2020ರಲ್ಲಿ ಅದು ರದ್ದಾಯಿತು, 2022ರಲ್ಲಿ ಮತ್ತೆ ಬಂತು. ಯಾವುದು ಒಳ್ಳೆಯದು ಎಂಬ ಬಗ್ಗೆ ಕಟ್ಟೆಯ ಮೇಲೆ ವಾದ ಇದ್ದೇ ಇದೆ. ಆದರೆ ಸರಪಂಚರಾಗಲು ಮ್ಯಾಟ್ರಿಕ್‌ನಲ್ಲಿ ಹೆಚ್ಚು ಅಂಕ ಇರಬೇಕು ಎಂದು ಯಾರೂ ವಾದಿಸಲಿಲ್ಲ.

ಕುರ್ಚಿ ಎಲ್ಲೆಲ್ಲಿ?

ದೂರದ ಸೆನೆಟ್‌ಗಿಂತ ಹಳ್ಳಿಯವರಿಗೆ ಹತ್ತಿರದ್ದು ಕಾಲೇಜು ಅಭಿವೃದ್ಧಿ ಸಮಿತಿ. ಮರಾಠಿಯಲ್ಲಿ ಇದನ್ನು ಮಹಾವಿದ್ಯಾಲಯ ವಿಕಾಸ ಸಮಿತಿ ಎನ್ನುತ್ತಾರೆ. 2016ರ ಕಾಯ್ದೆಯ ಪ್ರಕಾರ ಇದು ವರ್ಷಕ್ಕೆ ಕನಿಷ್ಠ 4 ಸಲ ಸೇರಬೇಕು. ಕಾಲೇಜಿನ ಬಜೆಟ್, ಹೊಸ ಕೋರ್ಸು, ಪ್ರವೇಶ ಪದ್ಧತಿ ಇಲ್ಲಿಯೇ ಚರ್ಚೆಯಾಗಬೇಕು. ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷ ಮತ್ತು ಕಾರ್ಯದರ್ಶಿ ಇದರ ಸದಸ್ಯರು.

ಇನ್ನೂ ಕೆಲವು ಕಡೆ ಜಾಗ ಇದೆ. ಯುಜಿಸಿಯ 2009ರ ನಿಯಮದಂತೆ ರ್‍ಯಾಗಿಂಗ್ ತಡೆ ಸಮಿತಿಯಲ್ಲಿ ಹೊಸ ಮತ್ತು ಹಳೆಯ ವಿದ್ಯಾರ್ಥಿಗಳಿಬ್ಬರೂ ಇರಬೇಕು. 2015ರ ನಿಯಮದಂತೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ, ಪ್ರಕರಣ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ, ಚುನಾಯಿತ ವಿದ್ಯಾರ್ಥಿಗಳು ಕೂಡಬೇಕು. 2023ರ ನಿಯಮದ ಕುಂದುಕೊರತೆ ಸಮಿತಿಯಲ್ಲಿ ಮಾತ್ರ ವಿದ್ಯಾರ್ಥಿ ವಿಶೇಷ ಆಹ್ವಾನಿತ. ಅವನನ್ನು ಓದು, ಆಟೋಟ ಅಥವಾ ಇತರ ಚಟುವಟಿಕೆಯ ಸಾಧನೆ ನೋಡಿ ನೇಮಿಸುತ್ತಾರೆ.

ಕುರ್ಚಿಗಳು ಇವೆ, ನಿಜ. ಪ್ರಶ್ನೆ ಇರುವುದು ಯಾರು ಕೂಡಿಸಿದರು ಎಂಬುದರಲ್ಲಿ. ಪ್ರಾಚಾರ್ಯರು ಕೂಡಿಸಿದ ಹುಡುಗ ಪ್ರಾಚಾರ್ಯರ ಎದುರು ಫೀ ಲೆಕ್ಕ ಕೇಳುವುದು ಕಷ್ಟ. ಅವನು ಜಾಣನೇ ಇರಬಹುದು, ಆದರೆ ಅವನ ಬೆನ್ನಿಗೆ ಮತ ಇರುವುದಿಲ್ಲ.

ಗಡಿಯ ಮಕ್ಕಳಿಗೆ ಏನು ನಷ್ಟ?

ಜತ್ತ ಭಾಗದ ಜಿಲ್ಲಾ ಪರಿಷತ್ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಸಾಂಗಲಿಯ ಕಾಲೇಜಿಗೆ ಬಂದರೆ ಮರಾಠಿ ಮತ್ತು ಇಂಗ್ಲಿಷಿನ ಪಾಠಕ್ಕೆ ಒಗ್ಗಿಕೊಳ್ಳಬೇಕು. ಮೊದಲ ವರ್ಷವೇ ಮೇಲಿನ ಅಂಕ ಪಡೆಯುವುದು ಅಂಥವಳಿಗೆ ಸುಲಭವಲ್ಲ. ಬಸ್ಸಿನಲ್ಲೇ ದಿನದ ಅರ್ಧ ಕಳೆಯುವವರ ಸ್ಥಿತಿಯೂ ಅದೇ. ಅಂಕ ನೋಡಿ ಆರಿಸುವ ಪದ್ಧತಿಯಲ್ಲಿ ಪೇಟೆಯ ಮಕ್ಕಳೇ ಮುಂದೆ ಬರುವ ಸಂಭವ ಹೆಚ್ಚು. ಬೆಳಗಿನ ತಾಸು ಬಸ್ಸಿಗೆ ಹೊಂದುವುದಿಲ್ಲ, ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಬೇಕು ಎಂಬ ಮಾತು ಸಮಿತಿಯ ಮೇಜಿಗೆ ಬರಬೇಕಾದರೆ ಆ ತೊಂದರೆ ಉಂಡವರೇ ಅಲ್ಲಿರಬೇಕು. ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ, ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದ ವಿಲ್ಲಿಂಗ್ಡನ್ ಕಾಲೇಜು ಇರುವುದು ಸಾಂಗಲಿಯಲ್ಲೇ. ಕನ್ನಡದ ವಿದ್ಯಾರ್ಥಿ ಇಲ್ಲಿ ಹೊರಗಿನವನಲ್ಲ.

ಭಯಕ್ಕೆ ಮದ್ದು

ಚುನಾವಣೆ ಬಂದರೆ ಪಕ್ಷ, ಜಾತಿ, ಹಣ ಒಳಗೆ ಬರುತ್ತವೆ ಎಂದು ಪಾಲಕರು ಹೇಳುವುದು ಸುಳ್ಳಲ್ಲ. ಅದಕ್ಕೆಂದೇ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿಗೆ ತಂದಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಾತಿ ಶೇ. 75 ಇರಬೇಕು, ಅಚ್ಚು ಹಾಕಿದ ಪೋಸ್ಟರ್ ಕೂಡದು, ಪಕ್ಷದ ಹಣ ಕೂಡದು. ಈ ನಿಯಮ ಪಾಲಿಸಿದರೆ ಗಲಾಟೆ ಪೂರ್ತಿ ನಿಲ್ಲದಿದ್ದರೂ ಹತೋಟಿಯಲ್ಲಿ ಇರುತ್ತದೆ.

ಬೇರೆ ರಾಜ್ಯಗಳನ್ನು ನೋಡಿದರೆ, ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡದ ಮಕ್ಕಳೂ ಮತ ಹಾಕಿ ತಮ್ಮ ಯೂನಿಯನ್ ಆರಿಸುತ್ತಾರೆ. ಕರ್ನಾಟಕದಲ್ಲಿ ಮಾತ್ರ 1980ರ ದಶಕದ ಕೊನೆಗೆ ವಿದ್ಯಾರ್ಥಿ ಚುನಾವಣೆ ನಿಂತಿತು. ಮತ್ತೆ ಆರಂಭಿಸುವ ಮಾತು 2025ರಲ್ಲಿ ಅಲ್ಲಿ ಕೇಳಿಬಂತು. ಹೀಗಾಗಿ ಇಲ್ಲಿಂದ ಬೆಳಗಾವಿ ಕಡೆ ಹೋದರೂ ಈ ಹಕ್ಕಿನ ಮಟ್ಟಿಗೆ ಲಾಭವಿಲ್ಲ.

ಚುನಾವಣೆ ಯಾವಾಗ ಎಂಬುದು ಮುಂಬೈಯಲ್ಲಿ ತೀರ್ಮಾನವಾಗುವ ವಿಷಯ. ಆದರೆ ಒಂದು ಕೆಲಸ ಊರಿನವರ ಕೈಯಲ್ಲೇ ಇದೆ. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಈ ವರ್ಷ ಕುಳಿತಿರುವ ವಿದ್ಯಾರ್ಥಿಗಳು ಯಾರು, ಅವರನ್ನು ಹೇಗೆ ಆರಿಸಿದರು, ಸಮಿತಿ ಎಷ್ಟು ಸಲ ಸೇರಿತು ಎಂಬ ಮೂರು ಪ್ರಶ್ನೆಗಳನ್ನು ಯಾವ ಪಾಲಕರೂ ಕಾಲೇಜಿನ ಕಚೇರಿಯಲ್ಲಿ ಕೇಳಬಹುದು. ಗ್ರಾಮಸಭೆಯಲ್ಲಿ ಪಂಚಾಯತಿ ಲೆಕ್ಕ ಕೇಳುವವರಿಗೆ ಇದು ಕಷ್ಟದ ಕೆಲಸವೇನಲ್ಲ.