ಹಳ್ಳಕ್ಕೆ ಗೋಡೆ ಬ್ಯಾಡ, ಮಣ್ಣಿನ ಒಡ್ಡು ಬೇಕು

1/4
ಹಳ್ಳ ಬಂದ್ರೆ ನಾವೆಲ್ಲ ಸೇತುವೆ ಮ್ಯಾಲೆ ನಿಂತು ಸ್ಟೋರಿ ಹಾಕೋರೇ. ನಾನೂ ಹಾಕೀನಿ. 2020ರ ಅಕ್ಟೋಬರ್‌ನ ಮಸ್ಕಿ ಹಳ್ಳದ ವಿಡಿಯೊ ನಿಮ್ಮ ಫೋನಿಗೂ ಬಂದಿತ್ತು. ಇಬ್ರು ನಡುನೀರಿನಾಗ ಸಿಕ್ಕಿಬಿದ್ದಿದ್ರು. ಒಬ್ಬರನ್ನ ಉಳಿಸಿದ್ರು. ಇನ್ನೊಬ್ಬರು ರಕ್ಷಣೆ ನಡೆದಾಗಲೇ ಕೊಚ್ಚಿಹೋದ್ರು. ಫಾರ್ವರ್ಡ್ ಮಾಡಿದ್ವಿ, ಮರೆತ್ವಿ.

2/4
"ಮ್ಯಾಲೆ ಮಾರಲದಿನ್ನಿ ಹತ್ರ ಡ್ಯಾಂ ಅದಲ್ಲ?" ಅಂತೀರಿ. ಅದ, 0.5 ಟಿಎಂಸಿದು. ಆದ್ರೆ ಕಟ್ಟಿದ್ದು ಹೊಲಕ್ಕೆ ನೀರು ಕೊಡೋಕೆ. ರೈತರಿಗೆ ಅದು ತುಂಬಿರಬೇಕು, ಪ್ರವಾಹ ತಡೀಬೇಕಂದ್ರೆ ಖಾಲಿ ಇರಬೇಕು. ಒಂದೇ ಕೊಡ ಎರಡಕ್ಕೂ ಸಾಲಲ್ಲ. ತುಂಬಿದ ಮ್ಯಾಲೆ ಬಂದ ನೀರನ್ನ ಕೆಳಗೆ ಬಿಡಲೇಬೇಕು. ಕೆಳಗಿರೋದು ಮಸ್ಕಿ.

ಆಗ ಎಲ್ಲರ ಬಾಯಿಂದ ಬರೋದು ಒಂದೇ ಮಾತು: ತಡೆಗೋಡೆ. ಗೋಡೆ ನೀರನ್ನ ಕಡಿಮೆ ಮಾಡಲ್ರೀ, ಓಡಿಸ್ತದ. ನಮ್ಮ ಓಣಿ ಉಳೀತು ಅನ್ನೋ ಹೊತ್ತಿಗೆ ಕೆಳಗಿನ ಊರಿನ ಹೊಲ ಕೊರೆದು ಹೋಗಿರ್ತದ.

3/4
ನಾನು ಕೇಳೋದು ಸಣ್ಣದು. ಊರಿಗೆ ಬರೋ ಪ್ರತಿ ಸರುವಿನ ಮ್ಯಾಲೆ ಒಂದೊಂದು ಮಣ್ಣಿನ ಒಡ್ಡು. ಒಳಗೆ ಎರೆಮಣ್ಣು, ಹೊರಗೆ ಗರಸು, ನೀರಿನ ಕಡೆ ಕಲ್ಲು. ಗೇಟೇ ಬ್ಯಾಡ, ತಳದಾಗ ಒಂದು ಪೈಪು ಸಾಕು. ಮಳೆ ಬಂದಾಗ ತುಂಬ್ತದ, ಆಮೇಲೆ ನಿಧಾನಕ್ಕೆ ಇಳೀತದ. ಮುಂದಿನ ಮಳೆಗೆ ಮತ್ತೆ ಜಾಗ. ನಮ್ಮ ಎರೆ ಭೂಮಿ ಒಮ್ಮೆ ನೆನೆದ್ರೆ ನೀರು ಕುಡಿಯಲ್ಲ, ಎಲ್ಲಾ ಹಳ್ಳಕ್ಕೇ ಸುರೀತದ, ಅದಕ್ಕೇ ಈ ಜಾಗ ಬೇಕು.

ತಗ್ಗಿನಾಗ ಹಸಿ ಉಳಿದಲ್ಲಿ ಜೊಂಡು ಬೆಳೀತದ, ಕಪ್ಪೆ, ಮೀನು, ಬೆಳ್ಳಕ್ಕಿ ಬರ್ತಾವ. "ಸೊಳ್ಳೆ?" ಅಂತ ಕೇಳೋರು ಮೊದಲು ತಮ್ಮ ಓಣಿ ಚರಂಡಿ ನೋಡ್ಲಿ. ಗದಗ ಜಿಲ್ಲೆ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಎರಡೂ ಜನ ಹೊಲಕ್ಕಾಗಿ ಕಟ್ಟಿದ ಕೆರೆಗಳೇ. 2024ರಲ್ಲಿ ಎರಡೂ ರಾಮ್ಸರ್ ಪಟ್ಟಿ ಸೇರಿದ್ವು. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ! ನಮ್ಮಲ್ಲಿ ಹಳ್ಳ ಅಂದ್ರೆ ಕಸ ಒಗೆಯೋ ಜಾಗ.

4/4
ಖರೇ ಹೇಳ್ತೀನಿ, 2020ರಂಥ ಮಳೆಗೆ ಬರೀ ಒಡ್ಡು ಸಾಲಲ್ಲ. ಕೋಡಿ ಕಟ್ಟಿಕೊಂಡು ನೀರು ಏರಿ ಮ್ಯಾಲಿಂದ ಹರಿದ್ರೆ ಒಡ್ಡೇ ಕಿತ್ತುಹೋಗ್ತದ. ಜಾಲಿ ಬೇರು, ಹೆಗ್ಗಣದ ಬಿಲ ಸಾಕು ಅದನ್ನ ಹಾಳು ಮಾಡೋಕೆ. ಬಿಕಾಂ ಓದೋರಿಗೆ ಡಿಪ್ರಿಸಿಯೇಷನ್ ಹೇಳಿಕೊಡಬೇಕಾ? ಕಟ್ಟೋಕೆ ದುಡ್ಡು ಇಟ್ಟು, ನೋಡಿಕೊಳ್ಳೋಕೆ ಸೊನ್ನೆ ಇಟ್ರೆ ಅದು ಒಡ್ಡಲ್ಲ, ಅಪಾಯ. ನೀರು ನಿಲ್ಲೋ ಹೊಲದವರಿಗೆ ವರ್ಷಾ ವರ್ಷ ಬಾಡಿಗೆ ಕೊಡಬೇಕು, ಪುಕ್ಕಟೆ ತ್ಯಾಗ ಕೇಳಬಾರದು.

ಸಿಂಧನೂರು, ಲಿಂಗಸುಗೂರಿನ ದೋಸ್ತರೇ, ಇದು ಬರೀ ಮಸ್ಕಿ ಮಾತಲ್ಲ. ಈ ಸಲ ಹಳ್ಳ ಬಂದಾಗ ನೀರಿಗೆ ಇಳೀಬ್ಯಾಡ್ರಿ. ದೂರ ನಿಂತು, ಯಾವ ಗೋಡೆ, ಯಾವ ಕಂಬದ ತನಕ ನೀರು ಬಂತು ಅಂತ ಟೈಮ್ ಸಮೇತ ಫೋಟೊ ತೆಗೆದು ನನಗೆ ಕಳಿಸ್ರಿ. ಮೂರೂ ಊರಿನ ಗುರುತು ಕೂಡಿಸಿ ಅರ್ಜಿ ಜೋಡಿ ಕೊಡೋಣ.

#ಮಸ್ಕಿಹಳ್ಳ #ಒಡ್ಡುಬೇಕು